ದಣಿದವರಿಗೆ ಕಿತ್ತಳೆ

ನನಗೆ ಸಣ್ಣ ಗುಡ್ಡಗಳೇ ಇಷ್ಟ. ಹೀಗೆಂದರೆ ನಮ್ಮ ಆಫೀಸಿನವರು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡುತ್ತಾರೆ. ಅವರೆಲ್ಲ ದೊಡ್ಡ ಶಿಖರಗಳ ಭಕ್ತರು. ಕತ್ತಲಿರುವಾಗಲೇ ಎದ್ದು, ಪಾರ್ಕಿಂಗಿಗೆ ಜಗಳವಾಡಿ, ತುದಿಯಲ್ಲಿ ಫೋಟೋಗೆ ಸಾಲು ನಿಂತು, ಸೋಮವಾರ ಕುಂಟುತ್ತ ಮೀಟಿಂಗಿಗೆ ಬರುತ್ತಾರೆ. ನಾನು ಶನಿವಾರ ಕಾಫಿ ಕುಡಿದು, ನೆವಾರ್ಕಿನ ನಮ್ಮ ಮನೆಯಿಂದ ಹೊರಟು, ಕೊಲ್ಲಿಯ ಅಂಚಿನಲ್ಲಿರುವ ಆ ಗಿಡ್ಡ ಗುಡ್ಡ ಹತ್ತಿ ಇಳಿದು, ಮನೆಯವರು ತಿಂಡಿಗೆ ಕೂರುವ ಹೊತ್ತಿಗೆ ವಾಪಸು ಬಂದಿರುತ್ತೇನೆ. ಮೇಲೆ ನಿಂತರೆ ಒಂದು ಕಡೆ ಉಪ್ಪಿನ ಹೊಂಡಗಳು, ಅವುಗಳಾಚೆ ಸೇತುವೆ. ಇನ್ನೊಂದು ಕಡೆ ಫ್ರೀವೇ, ಅದರಾಚೆ ಆಫೀಸಿನವರ ಆ ದೊಡ್ಡ ಶಿಖರ. ಶಿಖರವನ್ನು ಚೆನ್ನಾಗಿ ನೋಡಬೇಕಾದರೆ ಅದರ ಮೇಲೆ ನಿಂತಿರಬಾರದು ಎಂಬುದು ನನ್ನ ವಾದ. ಇದಕ್ಕೆ ಇದುವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ನಡೆಯುವ ವಿಷಯದಲ್ಲಿ ನನಗಿಂತ ಹಟಮಾರಿಯೊಬ್ಬರನ್ನು ಕಂಡದ್ದು ನಮ್ಮ ಅತ್ತೆ ಬಾಗಲಕೋಟೆಯಿಂದ ನಮ್ಮ ಜೊತೆ ಇರಲು ಬಂದಮೇಲೆಯೇ. ಯುಗಾದಿಗೆ ಮುಂಚೆ ಆ ಕಡೆಯ ಊರುಗಳಿಂದ ಜನ ಗುಂಪು ಕಟ್ಟಿಕೊಂಡು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ನಡೆಯುವವರಿಗೆ ರೊಟ್ಟಿ, ಮಜ್ಜಿಗೆ, ಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಅತ್ತೆ ವರ್ಷ ತಪ್ಪದೆ ಹೋಗುತ್ತಿದ್ದರು. ಕೊನೆಯ ಸಲ ಅರ್ಧ ದಾರಿಯಲ್ಲಿ ಮೊಣಕಾಲು ಕೈಕೊಟ್ಟಿತು. ಗುಂಪಿನವರು ಅವರನ್ನು ಬಸ್ಸು ಹತ್ತಿಸಿದರು. ಆ ಬಸ್ಸು ಪೆಂಡಾಲೊಂದರ ಹತ್ತಿರ ನಿಂತಾಗ ಯಾರೋ ಕಿಟಕಿಯಲ್ಲಿ ರೊಟ್ಟಿ ಕೊಡಲು ಬಂದರಂತೆ. ಅತ್ತೆ ಕೈ ಚಾಚಲಿಲ್ಲ. ಅದು ನಡೆಯುವವರ ಅನ್ನ, ಕೂತು ಬಂದವರದಲ್ಲ ಎಂಬುದು ಅವರ ನ್ಯಾಯ. ಇದನ್ನು ನನಗೆ ಹೇಳಿದ್ದು ನನ್ನ ಗಂಡ. ಅತ್ತೆ ಆ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಇಲ್ಲಿಗೆ ಬಂದಮೇಲೆ ಮೊಣಕಾಲಿನ ಆಪರೇಷನ್ನು ಆಯಿತು. ದಿನಾ ನಡೆಯಲೇಬೇಕು ಎಂದು ಫಿಸಿಯೋಥೆರಪಿಯ ಹುಡುಗಿ ಒತ್ತಿ ಒತ್ತಿ ಹೇಳಿದಳು. ಅತ್ತೆ ಟಪಾಲು ಡಬ್ಬದವರೆಗೆ ಹೋಗಿ ಬಂದು ಸೋಫಾದಲ್ಲಿ ಕೂತುಬಿಡುತ್ತಿದ್ದರು. ಟ್ರೆಡ್‌ಮಿಲ್ಲನ್ನು ಒಮ್ಮೆ ನೋಡಿ, ಎಲ್ಲಿಗೂ ಹೋಗದ ನಡಿಗೆ ತಮಗೆ ಬೇಡವೆಂದರು. ನಾನು ಗದರಿದೆ, ಗಂಡ ಗೋಗರೆದ, ಏನೂ ಆಗಲಿಲ್ಲ. ಒಂದು ಸಂಜೆ ಹಸಿಕಡಲೆ ಸುಲಿಯುತ್ತ ಅವರೇ ಬಾಯಿಬಿಟ್ಟರು.

"ಡಾಕ್ಟರು ಹೊಸಾ ಮೊಣಕಾಲು ಹಾಕ್ಯಾರ, ಖರೆ. ಆದ್ರ ನಾ ಇನ್ನ ನಡಿಯೋ ಪೈಕಿನೋ, ಕುಂದ್ರೋ ಪೈಕಿನೋ, ಅದನ್ನ ಯಾರು ಹೇಳಬೇಕು?"

ಇಂಥ ಪ್ರಶ್ನೆಗೆ ಸುಮ್ಮನಿರುವ ಜಾತಿ ನನ್ನದಲ್ಲ. "ಅದನ್ನ ಗುಡ್ಡ ಹೇಳತ್ತೆ. ಶನಿವಾರ ನನ್ ಜೊತೆ ಬನ್ನಿ ಅತ್ತೆ," ಅಂದೆ.

ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಮೊದಲ ಮಳೆ ಬಿದ್ದು ಗುಡ್ಡ ಹಸಿರಾಗತೊಡಗಿದ ದಿನಗಳು. ಈ ಸಲ ಮೊದಲ ತಿರುವಿನವರೆಗೆ, ಆಮೇಲೆ ನಡುದಾರಿಯ ಬೆಂಚಿನವರೆಗೆ, ಕೊನೆಗೆ ತುದಿ ಎಂದು ಕಾರಿನಲ್ಲಿ ನನ್ನ ಯೋಜನೆಯನ್ನೆಲ್ಲ ವಿವರಿಸಿದೆ. ಅತ್ತೆ ಹೂಂ ಅಂದರು. ಬುಡ ಮುಟ್ಟಿದ್ದೇ ತಡ, ಅಲ್ಲಿದ್ದ ಕಲ್ಲುಕಟ್ಟೆಯ ಮೇಲೆ ಕೂತು, ನೀ ಹೋಗಿ ಬಾ ಎಂದುಬಿಟ್ಟರು. ನನಗೂ ಸಿಟ್ಟು ಬಂತು. ನನ್ನ ಶನಿವಾರವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಒಬ್ಬಳೇ ಹತ್ತಿದೆ.

ಇಳಿದು ಬಂದಾಗ ಅತ್ತೆ ಎದ್ದು ನಿಂತಿದ್ದರು. ಶಾಲು ಇದೆಯೆಂದು ನಾನು ತಿಳಿದಿದ್ದ ಚೀಲದಿಂದ ಸ್ಟೀಲಿನ ಡಬ್ಬಿ ಹೊರಬಂದಿತ್ತು. ಹತ್ತುವವರ ದಾರಿಗೆ ಅಡ್ಡ ಕೈ ಚಾಚಿ, ತೊಗೋರಿ, ದೂರ ಹೊಂಟೀರಿ, ತೊಗೋರಿ ಎನ್ನುತ್ತ ಶೇಂಗಾ ಉಂಡಿ ಹಂಚಲು ನೋಡುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತುವವರು ಅವರ ಕಣ್ಣಿಗೆ ಯಾತ್ರೆಗೆ ಹೊರಟವರೇ. ಜನ ನಗುತ್ತಲೇ ಬೇಡವೆಂದು ಕೈಯಾಡಿಸಿ ಮುಂದೆ ಹೋಗುತ್ತಿದ್ದರು. ಒಬ್ಬ ತಾಯಿ ಮಾತ್ರ ಮಗಳ ಕೈಯನ್ನು ಗಾಬರಿಯಿಂದ ಹಿಂದೆಳೆದುಕೊಂಡಳು. ನಾನು ಓಡಿ ಹೋಗಿ ಅವಳ ಕ್ಷಮೆ ಕೇಳಿ, ಡಬ್ಬಿ ಮುಚ್ಚಿ, ಅತ್ತೆಯನ್ನು ಕಾರಿನಲ್ಲಿ ಕೂರಿಸಿದೆ.

ಇಲ್ಲಿ ಕೆಲವು ಮಕ್ಕಳಿಗೆ ಶೇಂಗಾ ತಿಂದರೆ ಗಂಟಲು ಊದಿಕೊಂಡು ಜೀವಕ್ಕೇ ಕುತ್ತು ಬರುತ್ತದೆ, ಗುರುತಿಲ್ಲದವರಿಗೆ ಹಾಗೆಲ್ಲ ತಿನ್ನಲು ಕೊಡಬಾರದು ಎಂದು ದಾರಿಯುದ್ದಕ್ಕೂ ಪಾಠ ಮಾಡಿದೆ. ಶೇಂಗಾದಿಂದ ಸತ್ತವರ ಸುದ್ದಿಯನ್ನು ಅತ್ತೆ ತಮ್ಮ ಆಯುಷ್ಯದಲ್ಲಿ ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಟ್ಟ ಅನ್ನವನ್ನು ನಡೆಯುವವರು ಒಲ್ಲೆ ಎಂದದ್ದನ್ನು ಅವರು ನೋಡಿರಲಿಲ್ಲ. ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೆ ಸಿಟ್ಟು ಇಳಿದು ಸಂಕಟವಾಯಿತು. ಇನ್ನು ಇವರು ಗುಡ್ಡದ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ.

ಮುಂದಿನ ವಾರ ಆಫೀಸಿನಿಂದ ಬಂದರೆ ಅತ್ತೆ ಹಿತ್ತಲಿನ ಕಿತ್ತಳೆ ಗಿಡದ ಕೆಳಗೆ ನಿಂತಿದ್ದರು. ಕಿತ್ತಳೆ ತಿಂದು ಯಾರಾದರೂ ಸಾಯುತ್ತಾರೇನು ಎಂದು ಕೇಳಿದರು. ನಾನಂತೂ ಕೇಳಿಲ್ಲ ಅಂದೆ.

"ಹಂಗಾದ್ರ ತಪ್ಪು ನಂದ. ಬುಡದಾಗ ಇರೋರು ಈಗ ಮನಿಯಿಂದ ಉಂಡು ಬಂದಿರ್ತಾರ, ಅವರಿಗೆ ಯಾಕ ಬೇಕು? ದಣದವರಿಗೆ ಕೊಡಬೇಕು," ಅಂದರು ಅತ್ತೆ.

ಗುರುತಿಲ್ಲದವರಿಗೆ ಕೊಡಬಾರದೆಂಬ ಪಾಠ ಮತ್ತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ದಣಿದವರು ಸಿಗುವುದು ಮೇಲೆ. ಅಲ್ಲಿಗೆ ಹೋಗಲು ಅತ್ತೆ ನಡೆಯಬೇಕು. ನನ್ನ ಯೋಜನೆ ಮಾಡಲಾಗದ್ದನ್ನು ಒಂದು ಕಿತ್ತಳೆ ಗಿಡ ಮಾಡುವುದಾದರೆ ನನ್ನದೇನು ಗಂಟು ಹೋಗುತ್ತದೆ?

ಆ ಶನಿವಾರ ಅತ್ತೆ ಕೋಲೂರಿಕೊಂಡು ಮೊದಲ ತಿರುವು ಮುಟ್ಟಿದರು. ಚೀಲ ಹೊರುವ ಕೆಲಸ ನನ್ನದು. ಅಲ್ಲಿ ನಿಂತು ಬರುವವರ ಮುಖವನ್ನು ವೈದ್ಯರ ಹಾಗೆ ಪರೀಕ್ಷಿಸಿ, ಇವರ್ಯಾರೂ ಇನ್ನೂ ದಣಿದಿಲ್ಲ ಎಂದು ತೀರ್ಪು ಕೊಟ್ಟರು. ಮುಂದಿನ ಸಲ ಇನ್ನಷ್ಟು ಮೇಲೆ, ಅದರ ಮುಂದಿನ ಸಲ ಇನ್ನಷ್ಟು. ಚಳಿಗಾಲ ಮುಗಿಯುವ ಹೊತ್ತಿಗೆ ನಡುದಾರಿಯ ಬೆಂಚು ಅವರ ಪೆಂಡಾಲಾಯಿತು. ಸುಲಿದ ತೊಳೆಗಳನ್ನು ಮುಟ್ಟದ ಜನ ಇಡೀ ಹಣ್ಣನ್ನು ಖುಷಿಯಿಂದ ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರೇ ಕಂಡುಕೊಂಡರು. ಹತ್ತುವಾಗ ಮಾತಾಡಬಾರದೆಂಬ ನಿಯಮವಿಟ್ಟುಕೊಂಡಿದ್ದ ನಾನು ಯಾರ್‍ಯಾರದೋ ಥ್ಯಾಂಕ್ಯೂಗಳಿಗೆ ಉತ್ತರ ಕೊಡುತ್ತ ನಿಲ್ಲಬೇಕಾಯಿತು. ಖಾಯಂ ಗಿರಾಕಿಗಳೂ ಹುಟ್ಟಿಕೊಂಡರು. ಅವರಲ್ಲಿ ಹುಲ್ಲಿನ ಟೋಪಿಯ ಒಬ್ಬ ಬಿಳಿಗಡ್ಡದ ಮನುಷ್ಯ ಅತ್ತೆಗೆ ಟೋಪಿ ಅಜ್ಜ, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವನಿದ್ದರೂ. ಅವನು ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ, ಹವೆಯ ಬಗ್ಗೆ ಬಹಳ ಹೊತ್ತು ಮಾತಾಡುತ್ತಿದ್ದರು.

ಇಷ್ಟೆಲ್ಲ ಹಂಚಿದರೂ ಅತ್ತೆ ಗುಡ್ಡದ ಮೇಲೆ ತಾವು ಒಂದು ತೊಳೆಯನ್ನೂ ತಿನ್ನುತ್ತಿರಲಿಲ್ಲ. ಒಮ್ಮೆ ನಾನು ಸುಲಿದು ಕೊಟ್ಟಾಗ, ತಾವಿನ್ನೂ ಪೂರ್ತಿ ನಡೆದಿಲ್ಲವೆಂದು ಹೇಳಿ ನನ್ನ ಕೈಗೇ ವಾಪಸು ಹಾಕಿದರು. ಆಗ ನನಗೆ ಆ ಬಸ್ಸು ನೆನಪಾಯಿತು. ಒತ್ತಾಯ ಮಾಡಲಿಲ್ಲ.

ಯುಗಾದಿಯ ಹಿಂದಿನ ಶನಿವಾರ ಇಳಿಜಾರಿನ ತುಂಬ ಕಾಡುಸಾಸಿವೆ ಹಳದಿಯಾಗಿ ಹೂಬಿಟ್ಟಿತ್ತು. ಬೆಂಚಿನ ಹತ್ತಿರ ಅತ್ತೆ ನಿಲ್ಲಲಿಲ್ಲ. ಅಲ್ಲಿಂದಾಚೆ ದಾರಿ ಚಿಕ್ಕದು, ಆದರೆ ಕಡಿದು. ಮುಂದಿನ ವಾರ ನೋಡೋಣ ಅಂದೆ. ನಿಜವಾಗಿ ದಣಿದವರೆಲ್ಲ ಅಲ್ಲೇ ಇರುತ್ತಾರೆ ಎಂದು ಹೇಳಿ ಅವರು ಕೋಲು ಮುಂದಿಟ್ಟರು. ನಾನು ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಹಿಂದೆ ಹಿಂದೆ ಹೋದೆ. ಅಷ್ಟು ಭಯಪಟ್ಟುಕೊಂಡು ನಾನು ಯಾವ ಗುಡ್ಡವನ್ನೂ ಹತ್ತಿಲ್ಲ.

ತುದಿಯಲ್ಲಿ ಬಂಡೆಗಳು ಮತ್ತು ಗಾಳಿ. ಅತ್ತೆ ಸುತ್ತ ನೋಡಿ, ಗುಡಿ ಇಲ್ಲವೇನು ಎಂದು ಕೇಳಿದರು. ಇಲ್ಲ ಅಂದೆ. ಇರಲಿ ಬಿಡು ಎಂದು ಚೀಲ ಬಿಚ್ಚಿದರು. ಬಂಡೆಯೊಂದರ ಮೇಲೆ ಟೋಪಿ ಅಜ್ಜ ಕೂತಿದ್ದ. ಅತ್ತೆಯನ್ನು ಅಲ್ಲಿ ಕಂಡು ಎದ್ದು ನಿಂತ. ಎಂದಿನಂತೆ ಹಣ್ಣು ತೆಗೆದುಕೊಂಡವನು ಅಂದು ಅದನ್ನು ಜೇಬಿಗೆ ಹಾಕಲಿಲ್ಲ. ಅಲ್ಲೇ ಸುಲಿದು, ಎರಡು ಹೋಳು ಮಾಡಿ, ಒಂದನ್ನು ಅತ್ತೆಯ ಮುಂದೆ ಹಿಡಿದ.

ಅವರು ತಿನ್ನುವುದಿಲ್ಲವೆಂದು ಹೇಳಲು ನಾನು ಬಾಯಿ ತೆರೆದೆ. ಅತ್ತೆ ಆ ಹೋಳನ್ನು ನೋಡಿದರು. ಆಮೇಲೆ ತಿರುಗಿ, ಹತ್ತಿ ಬಂದ ದಾರಿಯನ್ನು, ಬೆಂಚನ್ನು, ಕೆಳಗೆ ನಮ್ಮ ಕಾರು ನಿಂತಿದ್ದ ಜಾಗವನ್ನು ನಿಧಾನವಾಗಿ ನೋಡಿದರು. ಕೋಲನ್ನು ನನಗೆ ಕೊಟ್ಟು, ಎರಡೂ ಕೈಯೊಡ್ಡಿ ಹೋಳನ್ನು ತೆಗೆದುಕೊಂಡರು. ಒಂದು ತೊಳೆ ಬಿಡಿಸಿ ಬಾಯಿಗೆ ಹಾಕಿಕೊಂಡು, ನಾನು ಏನೂ ಕೇಳದಿದ್ದರೂ ನನ್ನ ಕಡೆ ನೋಡಿ ಹೇಳಿದರು.

"ನಡಕೊಂತ ಬಂದೀನಲ್ಲ. ತಿನ್ನಾಕ ಅಡ್ಡಿಯಿಲ್ಲ."