ಬೆಂಕಿಯಿಲ್ಲದ ಕಲ್ಲು

ಟಿವಿಯವರು ಆಕಾಶದಲ್ಲಿ ತೋರಿಸುವ ಕಲ್ಲಿಗೆ ಯಾವಾಗಲೂ ಬೆಂಕಿ ಹತ್ತಿರುತ್ತದೆ. ಹಿಂದೆ ಹೊಗೆ, ಮುಂದೆ ಭೂಮಿ, ನಡುವೆ ದಪ್ಪ ಅಕ್ಷರದಲ್ಲಿ ‘ಗಂಡಾಂತರ’. ಗಾಳಿಯೇ ಇಲ್ಲದ ಜಾಗದಲ್ಲಿ ಬೆಂಕಿ ಹೇಗೆ ಉರಿಯುತ್ತದೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ. ಏಳನೇ ಇಯತ್ತೆ ಮುಗಿಸಿ ಬೆಟಗೇರಿಯ ಈ ನೇಕಾರರ ಮನೆಗೆ ಸೊಸೆಯಾಗಿ ಬಂದ ನನಗೆ ಆಕಾಶವೆಂದರೆ ಇವತ್ತು ನೂಲು ಒಣಗುತ್ತದೋ ಇಲ್ಲವೋ ಎಂದು ತಲೆಯೆತ್ತಿ ನೋಡುವ ಜಾಗ, ಅಷ್ಟೇ. ಆದರೆ ಅಂಥದೊಂದು ಕಲ್ಲು ಭೂಮಿಯ ಹತ್ತಿರ ಹಾದುಹೋಯಿತೆಂದು ಟಿವಿ ಕೂಗಿದ ದಿನವೇ ನನ್ನ ಯಜಮಾನರು ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಂದಿನಿಂದ ಆ ಕಲ್ಲಿಗೂ ನಮ್ಮ ಮನೆಗೂ ಜನ ನಂಟು ಕಟ್ಟಿದ್ದಾರೆ.

ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡುವ ಪದ್ಧತಿ ನಮ್ಮಲ್ಲಿದೆ. ಕೀಲಿ ಹಾಕಿ ಕೆಲವು ತಿಂಗಳು ಬೇರೆ ಕಡೆ ಇರಬೇಕು. ಲಕ್ಷ್ಮೇಶ್ವರದ ನನ್ನ ಮೈದುನ ಪಂಚಾಂಗ ಕೇಳಿಸಿಕೊಂಡು ಬಂದ. ದೋಷವೇನೂ ಇರಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಆದರೂ ನಾನು ಮನೆ ಬಿಡಲೇಬೇಕೆಂಬ ಹಟವನ್ನು ಅವನು ಬಿಡಲಿಲ್ಲ.

“ಪಂಚಾಂಗದಾಗ ದೋಷ ಇಲ್ಲ, ಖರೆ. ಆದ್ರ ವೈನಿ, ಪಂಚಾಂಗದಾಗ ಆ ಕಲ್ಲೂ ಇಲ್ಲಲ್ಲರಿ.”

ಹಿರಿಯರು ಬಿಟ್ಟುಹೋದ ದೋಷಗಳು ಸಾಕಾಗಲಿಲ್ಲವೆಂದು ಟಿವಿ ನೋಡಿ ಹೊಸದನ್ನು ಹುಟ್ಟಿಸಿಕೊಳ್ಳುವ ಈ ಜಾಣತನಕ್ಕೆ ಏನೆನ್ನಬೇಕು, ನೀವೇ ಹೇಳಿ. ನನಗಿರಲು ಬೇರೆ ಸೂರಿಲ್ಲವೆಂದಲ್ಲ. ಆದರೆ ನಮ್ಮದು ಕುಣಿ ಮಗ್ಗ; ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು, ಎತ್ತಿ ಒಯ್ಯಲು ಬರುವುದಿಲ್ಲ. ಅದರ ಮೇಲೆ ಯಜಮಾನರು ಅರ್ಧ ನೇಯ್ದ ಸೀರೆಯಿದೆ. ಮಗ್ಗದುದ್ದಕ್ಕೆ ಹಾಯುವ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಬೂದಿ ಹಚ್ಚಿ, ಬೆರಳಲ್ಲಿ ಹೊಸೆದು ಕೂಡಿಸಿದವರು ಅವರೇ. ಕೀಲಿ ಹಾಕಿದ ಮನೆಯಲ್ಲಿ ಗಂಜಿ ಕುಡಿದ ನೂಲನ್ನು ಇಲಿಗಳು ಬಿಟ್ಟಾವೆಯೇ?

ಅಂದು ನನ್ನನ್ನು ಮಾತಾಡಿಸಲು ನನ್ನ ತಂಗಿಯ ಮಗಳು ಶಾರದೆಯೂ ಬಂದಿದ್ದಳು. ಮುಂಡರಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ಕಲ್ಲಿನ ಜಾತಕವನ್ನು ಅವಳು ಬಿಚ್ಚಿಟ್ಟಳು. ಅದಕ್ಕೆ ಬೆಂಕಿಯಿಲ್ಲ, ಸ್ವಂತ ಬೆಳಕೂ ಇಲ್ಲ, ಇದ್ದಲಿನಂತೆ ಕಪ್ಪಂತೆ. ಗಟ್ಟಿ ಬಂಡೆಯೂ ಅಲ್ಲ. ಜಲ್ಲಿ, ಪುಡಿ ಒಂದಕ್ಕೊಂದು ಆತುಕೊಂಡ ರಾಶಿ. ಸೂರ್ಯನ ಸುತ್ತ ಓರೆಯಾದ, ಮೊಟ್ಟೆಯಾಕಾರದ ದಾರಿಯಲ್ಲಿ ನಮಗಿಂತ ತುಸು ನಿಧಾನವಾಗಿ ಸುತ್ತುತ್ತದೆ. ಸುತ್ತುತ್ತ ನಮ್ಮ ದಾರಿಯ ಸಮೀಪ ಬಂದರೂ ಚಂದ್ರನಿಗಿಂತ ಎಷ್ಟೋ ಆಚೆಯಿಂದಲೇ ಹೋಯಿತು.

“ಆಕಾರ ಥೇಟ್ ಶೇಂಗಾ ಇದ್ದಂಗ ಐತಿ, ದೊಡ್ಡವ್ವ,” ಎಂದಳು.

“ಶೇಂಗಾ ಆಗ್ಲಿ, ಕಡ್ಲಿ ಆಗ್ಲಿ, ನಮ್ಮಣ್ಣನ್ನ ಒಯ್ತಲ್ಲವಾ,” ಎಂದ ಮೈದುನ.

“ಅವತ್ತ ಬಾಜೂ ಊರು ಹೊಂಬಳದಾಗ ಯಾರಿಗರ ಕೂಸು ಹುಟ್ಟಿದ್ರ ಅದನ್ನೂ ಹೊರಗ ಹಾಕ್ತೀರೇನು ಕಾಕಾ?”

“ನೀ ಸಾಲಿ ಮಾಸ್ತರತಿ. ಮಾತಿನಾಗ ನಿನ್ನ ಗೆಲ್ಲಾಕ ಬರಂಗಿಲ್ಲ.”

ನನಗೆ ತಡೆಯಲಾಗಲಿಲ್ಲ. “ಅವ್ರಿಗೆ ಎದಿ ನೋವಿತ್ತು. ದವಾಖಾನಿಗೆ ನಡೀರಿ ಅಂದ್ರ, ಈ ಸೀರಿ ಮುಗೀಲಿ ತಡಿ ಅಂದ್ರು. ಅದರಾಗ ಕಲ್ಲಿಂದೇನ್ ತಪ್ಪು?”

ಆಡಿದ ಮೇಲೆಯೇ ನನಗೆ ತಿಳಿದದ್ದು: ಟಿವಿಯ ಮೇಲೆ, ಮೈದುನನ ಮೇಲೆ ನಾನು ಕಾರಿದ ಸಿಟ್ಟೆಲ್ಲ ಯಜಮಾನರಿಗೆ ಸೇರಬೇಕಾದದ್ದು. ಹೋದವರ ಮೇಲೆ ಸಿಟ್ಟಾಗುವುದು ಹೇಗೆಂದು ತಿಳಿಯದೆ ಇದ್ದವರಿಗೆ ಹಂಚುತ್ತಿದ್ದೆ. ಮೈದುನ ತಲೆ ತಗ್ಗಿಸಿದ್ದ. ಅವನೂ ಅಣ್ಣನನ್ನು ಬೈಯಲಾರದೆ, ಯಾರ ಕೈಗೂ ಎಟುಕದಷ್ಟು ದೂರದ ಒಂದು ಕಲ್ಲನ್ನು ಹುಡುಕಿಕೊಂಡಿದ್ದ. ಎಷ್ಟು ಬೈದರೂ ತನ್ನ ದಾರಿ ಬಿಡದ ಕಲ್ಲು, ಪಾಪ.

“ನಾ ಮನಿ ಬಿಡಂಗಿಲ್ಲ,” ಎಂದೆ.

“ಮತ್ತ ಆ ಸೀರಿ ಯಾರು ಮುಗಸ್ತಾರ?” ಎಂದ ಮೈದುನ.

“ತವರಮನಿಯಾಗ ನೇಯ್ದಾಕಿ ನಾ. ಮರ್ತಿಲ್ಲ.”

ಎದ್ದು ಹೋಗಿ ಕುಣಿಗಿಳಿದು ಕುಳಿತೆ. ಯಜಮಾನರು ಎತ್ತರದ ಆಳು. ತುಳಿಯುವ ಹಲಗೆಗಳನ್ನು ಅವರ ಉದ್ದನೆಯ ಕಾಲಿಗೆ ತಕ್ಕಂತೆ ಕಟ್ಟಿದ್ದರು. ನನ್ನ ಪಾದ ಗಾಳಿಯಲ್ಲೇ ತೂಗಾಡಿತು. ನನ್ನನ್ನು ಕಂಡು ನನಗೇ ನಗು ಬಂತು, ಆಮೇಲೆ ಅಳು.

ಮೈದುನ ಅಂಗಿಯ ತೋಳು ಮಡಚಿ, ಬಂದು ಕುಣಿಯೊಳಗೆ ಬಗ್ಗಿ ಅಣ್ಣ ಹಾಕಿದ್ದ ಗಂಟುಗಳನ್ನು ಬಿಚ್ಚಿದ. ಹಗ್ಗ ಗಿಡ್ಡ ಮಾಡಿ ಹಲಗೆಗಳನ್ನು ಮೇಲೆತ್ತಿ ಕಟ್ಟಿದ.

“ಈಗ ಕಾಲು ಹತ್ತತಾವೇನ್ ನೋಡ್ರಿ, ವೈನಿ.”