ಅಪ್ಪನ ಆಯೇರಿ ಉಂಗುರ

ನಿಂತುಕೊಂಡೇ ಪ್ರಯಾಣ ಮಾಡುವ ಯೋಗ ಯಾರ ಜಾತಕದಲ್ಲಿದೆಯೋ ಅವರಿಗೆ ಕಿಟಕಿಯಾಚೆಯ ಪ್ರಕೃತಿಸೌಂದರ್ಯ ನಿಷಿದ್ಧ. ಅವರ ಪಾಲಿಗಿರುವುದು ಬಸ್ಸಿನ ಕಂಬಿ ಮತ್ತು ಕಂಬಿಗೆ ಜೋತುಬಿದ್ದ ಕೈಗಳು ಮಾತ್ರ. ಕೊಟ್ಟೂರಿನಿಂದ ಹರಪನಹಳ್ಳಿಯ ಕಾಲೇಜಿಗೆ ಕನ್ನಡ ಪಾಠ ಹೇಳಲು ದಿನವೂ ಹೀಗೆ ಜೋತಾಡುತ್ತ ಹೋಗುವ ನಾನು ಕೈ ನೋಡಿ ಭವಿಷ್ಯ ಹೇಳಲಾರೆನಾದರೂ ಉಂಗುರ ನೋಡಿ ಭೂತಕಾಲ ಹೇಳಬಲ್ಲೆ. ನೀಲಮಣಿ ಕಂಡರೆ ಶನಿಯ ಕಾಟ, ಹವಳ ಕಂಡರೆ ಕಂಕಣಭಾಗ್ಯದ ವಿಳಂಬ. ಒಳಗಡೆ ದಾರ ಸುತ್ತಿ ಬಿಗಿ ಮಾಡಿದ ದೊಡ್ಡ ಉಂಗುರವೊಂದು ಕಂಡರೆ ಮಾತ್ರ ಸುಮ್ಮನಾಗುತ್ತೇನೆ. ಅದು ತೀರಿಕೊಂಡವರ ಬೆರಳಿನಿಂದ ಬಂದದ್ದು.

ಉಂಗುರದ ಚರಿತ್ರೆಯೂ ಬಹುಮಟ್ಟಿಗೆ ಇಷ್ಟೇ, ಸ್ವಾಮಿ. ಅರಸರು ಮುದ್ರೆಯುಂಗುರ ಒತ್ತಿ ಊರುಗಳನ್ನು ದಾನ ಮಾಡಿದರು. ದೂರದೇಶಗಳ ಜನ ಸತ್ತವರ ಕೂದಲೆಳೆಯನ್ನು ಉಂಗುರದ ಗಾಜಿನಡಿ ಅಡಗಿಸಿ ಧರಿಸಿದರು. ನಮ್ಮಲ್ಲೇ ಕೆಲವರು ಶ್ರಾದ್ಧದ ದಿನ ದರ್ಭೆಯ ಪವಿತ್ರವನ್ನು ಬೆರಳಿಗೆ ತೊಟ್ಟು, ಕರ್ಮ ಮುಗಿದೊಡನೆ ಬಿಚ್ಚಿ ಹಾಕುತ್ತಾರೆ. ಗೆದ್ದವನಿಗೂ ಉಂಗುರ, ಅತ್ತವನಿಗೂ ಉಂಗುರ. ಇವೆಲ್ಲದರ ಗೊಡವೆಯೇ ಬೇಡವೆಂದು ನಿಂತವನೆಂದರೆ ಕೋಗಳಿಯ ಬಸದಿಯ ದಿಗಂಬರಮೂರ್ತಿಯೊಬ್ಬನೇ. ಆತನೆದುರು ನಿಂತಾಗಲೆಲ್ಲ ನನಗೆ ವೈರಾಗ್ಯ ಉಕ್ಕುತ್ತದೆ. ಬಸದಿಯ ಹೊರಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಇಳಿದುಹೋಗುತ್ತದೆ.

ಏಕೆಂದರೆ ನನಗೊಂದು ಉಂಗುರದ ಮೇಲೆ ಆಸೆಯಿತ್ತು. ಅದು ಅಪ್ಪನ ಬೆಳ್ಳಿಯ ಉಂಗುರ. ಅಪ್ಪ ಕೊಟ್ಟೂರಿನಲ್ಲಿ ದರ್ಜಿ. ಹರೆಯದಲ್ಲಿ ಮಾತ್ರ ಸುತ್ತಲ ಊರುಗಳ ನಾಟಕಗಳಲ್ಲಿ ಹೆಣ್ಣಿನ ಪಾರ್ಟು ಹಾಕುತ್ತಿದ್ದ ಮೋಹಿನಿ. ಮೆಚ್ಚಿದವರು ಆಟವನ್ನು ನಡುವೆಯೇ ನಿಲ್ಲಿಸಿ, ಮೈಕಿನಲ್ಲಿ ಹೆಸರು ಕೂಗಿಸಿ, ರಂಗದ ಮೇಲೇರಿ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಆಯೇರಿ ಎನ್ನುತ್ತಾರೆ. ಕಾನಹೊಸಹಳ್ಳಿಯಲ್ಲಿ ಅಪ್ಪ ಗಂಡ ಸತ್ತವಳ ಪಾತ್ರದಲ್ಲಿ ಬಳೆ ಒಡೆದುಕೊಂಡು, ಕಾಲುಂಗುರ ಕಿತ್ತೆಸೆದು ಅತ್ತ ಅಳುವಿಗೆ ಊರಿಗೆ ಊರೇ ಸೆರಗಿನಲ್ಲಿ, ಟವೆಲ್ಲಿನಲ್ಲಿ ಮೂಗೊರೆಸಿಕೊಂಡಿತಂತೆ. ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ತಮ್ಮ ಕೈಯ ದಪ್ಪ ಉಂಗುರವನ್ನೇ ಬಿಚ್ಚಿ ವಿಧವೆಯ ಬೆರಳಿಗೆ ತೊಡಿಸಿದರಂತೆ. ಅವರ ಭಾಷಣ ಮುಗಿಯುವವರೆಗೆ ಸತ್ತ ಗಂಡ ಚಾಪೆಯ ಮೇಲೆ ಸೊಳ್ಳೆ ಹೊಡೆದುಕೊಳ್ಳುತ್ತ ಕಾದನಂತೆ. ಅಂದಿನಿಂದ ಆ ಉಂಗುರ ಅಪ್ಪನ ಕೈಬಿಟ್ಟು ಇಳಿದದ್ದಿಲ್ಲ.

ಇಳಿದದ್ದು ಕಳೆದ ವರ್ಷ, ಅವರು ತೀರಿಕೊಂಡ ದಿನ. ಅದೇ ದಿನ ಓಣಿಯ ಹೆಂಗಸರು ಅವ್ವನ ಕಾಲುಂಗುರಗಳನ್ನೂ, ನಮ್ಮ ಮಾತಿನಲ್ಲಿ ಪಿಲ್ಲಿ, ತೆಗೆದರು. ಅವ್ವ ಗೋಡೆಗೊರಗಿ ಯಾರದೋ ಕಾಲು ಎಂಬಂತೆ ನೋಡುತ್ತಿದ್ದಳು. ಅಪ್ಪನ ಉಂಗುರ ಅವ್ವನ ಕುಂಕುಮದ ಡಬ್ಬಿ ಸೇರಿತು. ಹಿರಿಯ ಮಗನಾದ ನನಗಲ್ಲದೆ ಅದು ಇನ್ನಾರಿಗೆ? ವರ್ಷ ಕಳೆಯಲೆಂದು ಸಭ್ಯನಂತೆ ಕಾದೆ. ಬಸ್ಸಿನ ಕಂಬಿ ಹಿಡಿದಾಗ ಆ ಉಂಗುರ ತೊಟ್ಟ ಬೆರಳು ಹೇಗೆ ಕಂಡೀತೆಂದು ಒಂದೆರಡು ಬಾರಿ ಅಭ್ಯಾಸವನ್ನೂ ಮಾಡಿದೆ.

ವರ್ಷಾಂತಿಕ ಮುಗಿದ ಮರುದಿನ ಡಬ್ಬಿ ತೆಗೆದರೆ ಬರೀ ಡಬ್ಬಿ! ಮನೆಯೆಲ್ಲ ತಡಕಾಡಿದೆ, ಹೆಂಡತಿಯ ಮೇಲೆ ರೇಗಿದೆ, ಮಂಚದಡಿ ತೂರಿ ತಲೆ ಬಡಿಸಿಕೊಂಡೆ. ಹಾಗೆ ಮಂಚದಡಿಯಲ್ಲಿದ್ದಾಗಲೇ ಎದುರಿಗೆ ಬಂದು ನಿಂತ ಅವ್ವನ ಪಾದಗಳು ಕಂಡವು. ಎರಡರಲ್ಲೂ ಹೊಸ ಪಿಲ್ಲಿ, ಬೆಳ್ಳಗೆ ಹೊಳೆಯುತ್ತಿದ್ದವು.

"ಹುಡುಕಬ್ಯಾಡ ತಮ್ಮಾ," ಅಂದಳು ಅವ್ವ, "ಪತ್ತಾರನ ಕಡೆ ಕೊಟ್ಟು ಕರಗಿಸೀನಿ."

ಅಯ್ಯೋ ಶಿವನೇ! ನಾನು ಹೌಹಾರಿದ್ದಕ್ಕೆ ಕಾರಣ ಒಂದಲ್ಲ. ಅಪ್ಪನ ನೆನಪು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿತಲ್ಲ ಎಂಬುದೊಂದು. ಕೈಯಲ್ಲಿದ್ದದ್ದು ಕಾಲಿಗೆ ಬಂತಲ್ಲ ಎಂಬುದೊಂದು. ಗಂಡ ಸತ್ತವಳು ಪಿಲ್ಲಿ ತೊಡುವುದೇ ಎಂಬುದು ಎಲ್ಲಕ್ಕಿಂತ ದೊಡ್ಡದು. ಸ್ತ್ರೀಸ್ವಾತಂತ್ರ್ಯದ ಬಗ್ಗೆ ವೇದಿಕೆಗಳಲ್ಲಿ ಓತಪ್ರೋತವಾಗಿ ಮಾತಾಡುವ ನನ್ನ ನಾಲಗೆ ಮಂಚದಡಿಯಲ್ಲಿ ಒಣಗಿಹೋಗಿತ್ತು. ಯಾಕೆ ಹೀಗೆ ಮಾಡಿದೆಯೆಂದು ಕೇಳುವ ಧೈರ್ಯವೂ ಬರಲಿಲ್ಲ.

ಸುದ್ದಿ ಸೋದರತ್ತೆಗೆ ಮುಟ್ಟಿತು. ಅಪ್ಪನ ತಂಗಿಯಾದ ಆಕೆಯ ಗಂಟಲಿಗೆ ಫೋನಿನ ಅಗತ್ಯವೇ ಇಲ್ಲ. "ಹಡಗಲಿಯಾಗ ನಿನ್ನ ಮಗನ ನಿಶ್ಚಯ ಐತಿ. ಹೆಣ್ಣಿನ ಕಡಿಯೋರು ಆ ಕಾಲು ನೋಡಿದ್ರ ಏನಂತಾರ? ಒಂದೋ ಪಿಲ್ಲಿ ತೆಗಸು, ಇಲ್ಲಾ ನಿಮ್ಮವ್ವನ್ನ ಮನ್ಯಾಗ ಬಿಟ್ಟು ಬಾ. ಎರಡೂ ಆಗಲಿಲ್ಲಂದ್ರ ಸಾಕ್ಸ್ ಹಾಕಿಸಪ!"

ಮೊಮ್ಮಗನ ನಿಶ್ಚಯಕ್ಕೆ ಅಜ್ಜಿಯೇ ಇಲ್ಲವೆಂದರೆ ಹೇಗೆ? ಅಜ್ಜಿ ಪಿಲ್ಲಿ ತೊಟ್ಟು ಬಂದಳೆಂದು ಸಂಬಂಧವೇ ಮುರಿದರೆ ಹೇಗೆ? ಇಂಥ ಧರ್ಮಸಂಕಟದಲ್ಲಿ ವಿದ್ಯಾವಂತರು ಮಾಡುವುದನ್ನೇ ನಾನೂ ಮಾಡಿದೆ: ಸಾಕ್ಸ್ ಕೊಂಡೆ.

ನಿಶ್ಚಯದ ದಿನ ಉಳಿದವರೆಲ್ಲ ಕ್ರೂಸರಿನಲ್ಲಿ ಮುಂದೆ ಹೋದರು. ಕ್ರೂಸರಿನ ವಾಸನೆಗೆ ವಾಂತಿಯಾಗುತ್ತದೆಂದು ಅವ್ವ ಬಸ್ಸೇ ಬೇಕೆಂದಳು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಲು ಕೂತಿದ್ದಾಗ, ಹೆಂಚಿನಂತೆ ಕಾದ ಆ ಬಿಸಿಲಿನಲ್ಲಿ, ಚೀಲದಿಂದ ಉಣ್ಣೆಯ ಸಾಕ್ಸ್ ಹೊರತೆಗೆದು, "ಬಸ್ಸಿನಾಗ ಥಂಡಿ ಗಾಳಿ ಬರತೈತಿ, ಅವ್ವಾ" ಅಂದೆ. ಇಷ್ಟು ದಡ್ಡ ಸುಳ್ಳನ್ನು ನನ್ನ ವಿದ್ಯಾರ್ಥಿಗಳೂ ಹೇಳುವುದಿಲ್ಲ.

ಅವ್ವ ಸಾಕ್ಸನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ.

"ಆಯೇರಿ ಉಂಗುರ ಹಾಕ್ಕೊಂಡು ಆವತ್ತು ಬೆಳಗಾಗ ಮನಿಗೆ ಬಂದು ನಿಮ್ಮಪ್ಪ ನನ್ನ ಮುಂದ ಕುಂತು ಅತ್ತ, ತಮ್ಮಾ. ಆಟದಾಗ ಅಲ್ಲ, ಖರೇ ಅತ್ತ. 'ಆಟಕ್ಕಂತ ಪಿಲ್ಲಿ ಕಿತ್ತರೂ ಕಾಲು ಬರಿದಾದಂಗ ಆತು, ಜೀವ ಝಲ್ ಅಂತು. ನಾ ಹೋದ ಮ್ಯಾಲೆ ನೀ ಮಾತ್ರ ತೆಗೀಬ್ಯಾಡ' ಅಂದ. ಆತ ಹೋದ ದಿನ ನನಗ ಎಚ್ಚರ ಎಲ್ಲಿತ್ತು? ತೆಗದ್ರು. ಈಗ ಎಚ್ಚರ ಐತಿ."

ಹೆಣ್ಣಾಗಿ ಬದುಕದಿದ್ದ ಗಂಡಸೊಬ್ಬ ಒಂದು ಆಟದ ಮಟ್ಟಿಗೆ ವಿಧವೆಯಾಗಿ, ಅದನ್ನು ತಾಳಲಾರದೆ ಮನೆಗೆ ಬಂದು ಹೆಂಡತಿಗೆ ಹೀಗೆ ಹೇಳಿದ್ದ. ಆ ಗಂಡಸು ನನ್ನ ಅಪ್ಪ. ಇಷ್ಟು ವರ್ಷ ನಾನು ಆ ಉಂಗುರವನ್ನು ಚಪ್ಪಾಳೆಯ ಗುರುತೆಂದೇ ತಿಳಿದಿದ್ದೆ. ಹಡಗಲಿ ಬಸ್ಸು ಬಂತು. ಸಾಕ್ಸನ್ನು ಬೆಂಚಿನ ಮೇಲೆಯೇ ಬಿಟ್ಟು ಹತ್ತಿದೆ.

ಹಡಗಲಿಯಲ್ಲಿ ಮಗನೂ ಹುಡುಗಿಯೂ ಉಂಗುರ ಬದಲಿಸಿಕೊಂಡರು. ಚಿನ್ನದ ಉಂಗುರಗಳು, ಆದರೆ ಆ ಕಡೆ ನನ್ನ ಗಮನವೇ ಇರಲಿಲ್ಲ; ಹಿಂದಿನ ಸಾಲಿನ ಕುರ್ಚಿಯಲ್ಲಿ ಸೀರೆಯಂಚಿನಿಂದ ಇಣುಕುತ್ತಿದ್ದ ಎರಡು ಪಾದಗಳನ್ನೇ ಕಾಯುತ್ತಿದ್ದೆ. ಜೋಡಿ ಹಿರಿಯರಿಗೆ ನಮಸ್ಕರಿಸುತ್ತ ಅಲ್ಲಿಗೂ ಬಂತು. ಸೋದರತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಡುಗಿ ಬಗ್ಗಿದವಳು ಕೈಯನ್ನು ಅಲ್ಲೇ ಇಟ್ಟು ತಲೆಯೆತ್ತಿದಳು.

"ಅಜ್ಜೀ, ಪಿಲ್ಲಿ ಭಾಳ ಚಂದ ಅದಾವು. ಯಾರು ಮಾಡಿಸಿಕೊಟ್ರು?"

ಮನೆ ತುಂಬ ಇದ್ದ ಜನ ಅತ್ತ ತಿರುಗಿದರು.

"ನಮ್ಮ ಮನಿಯವ್ರು ಮಾಡಿಸಿಕೊಟ್ಟಾರವ್ವ," ಅಂದಳು ಅವ್ವ, ಅಪ್ಪ ಹೊರಗೆ ಎಲೆಯಡಿಕೆ ತರಲು ಹೋಗಿದ್ದಾರೇನೋ ಎಂಬಂತೆ. ಹುಡುಗಿ ಆ ಬೆರಳು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಕೆಯ ತಾಯಿ ಒಂದು ಗಳಿಗೆ ನಿಂತು ನೋಡಿ, ಅರಿಸಿನ ಕುಂಕುಮದ ತಟ್ಟೆಯನ್ನು ಅವ್ವನ ಮುಂದೆಯೂ ಹಿಡಿದರು. ನನಗೆ ಅಳು ಬಂದುಬಿಟ್ಟಿತು. ಮೂಗೊರೆಸಿಕೊಳ್ಳಲು ಟವೆಲ್ಲಿರಲಿಲ್ಲ, ಪಂಚೆಯ ಚುಂಗಿನಿಂದ ಒರೆಸಿಕೊಂಡೆ.

ಮರಳುವ ಬಸ್ಸು ಕಿಕ್ಕಿರಿದಿತ್ತು. ಅವ್ವನಿಗೆ ಸೀಟು ಸಿಕ್ಕಿತು, ನನಗೆ ಎಂದಿನಂತೆ ಕಂಬಿ. ಕಣ್ಣೆದುರಿಗೆ ಕೈಗಳ ಸಾಲು, ನೀಲಮಣಿ, ಹವಳ, ದಾರ ಸುತ್ತಿದ್ದೊಂದು. ಆದರೆ ನನ್ನ ನೋಟವೆಲ್ಲ ಕೆಳಗೆ, ಚೀಲ ಚಪ್ಪಲಿಗಳ ನಡುವೆ ಇದ್ದ ಅವ್ವನ ಕಾಲಿನ ಮೇಲೆ. ಬ್ರೇಕು ಬಿದ್ದಾಗ ಒಬ್ಬಾತ ಬೂಟುಗಾಲನ್ನು ಅತ್ತ ಸರಿಸಿದ.

"ಏಯ್, ಕಾಲು ನೋಡಿ ಇಡ್ರಿ," ಎಂದು ಕೂಗಿಬಿಟ್ಟೆ, "ಅಲ್ಲಿ ನಮ್ಮಪ್ಪನ ಉಂಗುರ ಐತಿ!"

ಇಡೀ ಬಸ್ಸು ತಿರುಗಿ ಮೊದಲು ನನ್ನ ಕೈಯನ್ನೇ ನೋಡಿತು. ಅದು ಬರಿದಾಗಿತ್ತು. ನಾನು ಕಂಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.