ಹೆಣ್ಣು ಪತಂಗಗಳ ಡಬ್ಬಿ

ಶಾಲಿನಿ, ಆ ಡಬ್ಬಿಯೊಳಗೆ ಗಂಡು ಪತಂಗ ಬಿಟ್ಟವಳು ನಾನು. ನೀನಲ್ಲ. ಅದು ಗೊತ್ತಿದ್ದೂ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ.

ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದ ನಮ್ಮಂಥವರಿಗೆ ಕೆಲಸ ಮಾಡುವ ಅನುಮತಿ ಆಗತಾನೇ ಬಂದಿತ್ತು. ಎಂಟು ವರ್ಷ ಆಸ್ಟಿನ್ನಿನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದ ನನ್ನಿಂದ ಅರ್ಜಿ ತುಂಬಿಸಿ, ಕೀಟಗಳ ಲ್ಯಾಬಿಗೆ ಜೊತೆಯಲ್ಲಿ ಕರೆದುಕೊಂಡು ಹೋದವಳು ನೀನು. ಒಳಗೆ ಕಾಲಿಟ್ಟ ಮೇಲೆ ನಾನೇ ದೊಡ್ಡವಳಾದೆ. ರಾಮನಗರದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಆರು ವರ್ಷ ಗಂಡು, ಹೆಣ್ಣು ಚಿಟ್ಟೆ ವಿಂಗಡಿಸಿದ ಕೈ ಇದು ಎಂದು ಎಲ್ಲರೆದುರು ಹೇಳಿಕೊಂಡೆ. ರೇಷ್ಮೆ ಚಿಟ್ಟೆಯಲ್ಲಿ ಅದು ಸುಲಭ — ಹೊಟ್ಟೆ ದಪ್ಪಗಿದ್ದು ಕೂತಲ್ಲೇ ಕೂತರೆ ಹೆಣ್ಣು; ಸಣಕಲಾಗಿ, ರೆಕ್ಕೆ ಬಡಿಯುತ್ತಾ ಸುತ್ತಿದರೆ ಗಂಡು. ಇಲ್ಲಿನ ಹತ್ತಿಹುಳುವಿನ ಪತಂಗ ಹಾಗಲ್ಲ. ಒಂದೊಂದನ್ನೂ ಲೆನ್ಸಿನ ಕೆಳಗೆ ಹಿಡಿದು ಹೊಟ್ಟೆಯ ತುದಿ ನೋಡಬೇಕು. ನನಗೋ ಹತ್ತಿರದ್ದೆಲ್ಲ ಮಂಜಾಗತೊಡಗಿತ್ತು. ಕನ್ನಡಕ ಹಾಕಿಕೊಳ್ಳಲು — ಏನು ಹೇಳಲಿ — ನಾಚಿಕೆ. ಗಾತ್ರ ನೋಡಿ ಅಂದಾಜಿನಲ್ಲೇ ಹೆಣ್ಣುಗಳ ಡಬ್ಬಿಗೆ ಹಾಕುತ್ತಾ ಹೋದೆ.

"ಲೆನ್ಸ್ ಬೇಡ್ವಾ ಅಕ್ಕಾ?" ಎಂದು ನೀನು ಕೇಳಿದ್ದೆ.

"ನಂಗೇ ಹೇಳ್ಕೊಡ್ತೀಯಾ?" ಅಂದುಬಿಟ್ಟೆ ನಾನು.

ನೀನು ನಕ್ಕು ಡಬ್ಬಿಗೆ ಚೀಟಿ ಅಂಟಿಸಿದೆ. ನಿನ್ನ ಅಕ್ಷರ ದುಂಡಗೆಂದು ಚೀಟಿ ಬರೆಯುವುದು ಯಾವಾಗಲೂ ನಿನ್ನ ಪಾಲು. ಕೆಳಗೆ ಸಹಿಯೂ ನಿನ್ನದೇ.

ಕೆಲವೇ ದಿನಗಳಲ್ಲಿ ಆ ಡಬ್ಬಿಯ ಮೊಟ್ಟೆಗಳಿಂದ ಮರಿಹುಳುಗಳು ಹೊರಬಂದವು. ಬರೀ ಹೆಣ್ಣುಗಳೇ ಇದ್ದಿದ್ದರೆ ಹಾಗಾಗುವಂತಿರಲಿಲ್ಲ. ಒಬ್ಬ ಸಂಶೋಧಕಿಯ ಇಡೀ ಬೇಸಿಗೆಯ ಪ್ರಯೋಗ ನೆಲಕಚ್ಚಿತು. ಮೇಲ್ವಿಚಾರಕಿ ನಮ್ಮಿಬ್ಬರನ್ನೂ ಕರೆದು, ಇವನ್ನು ವಿಂಗಡಿಸಿದ್ದು ಯಾರು ಎಂದರು.

"ಚೀಟಿ ಮೇಲೆ ಹೆಸರಿದೆಯಲ್ಲ," ಅಂದೆ.

ಅಷ್ಟೇ. ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ... ನೀನು ನನ್ನ ಮುಖ ನೋಡಿದೆ. ನಾನು ಕೈಗವಸು ಬಿಚ್ಚುತ್ತಾ ನಿಂತೆ. ನೀನು ಯಾಕೆ ಬಾಯಿ ಬಿಡಲಿಲ್ಲ, ಶಾಲಿನಿ? ನಾನು ಹೇಳಲಿ ಎಂದು ಕಾದೆಯಾ? ಆ ಶುಕ್ರವಾರವೇ ನಿನ್ನನ್ನು ಕೆಲಸದಿಂದ ತೆಗೆದರು. ವರ್ಷಗಟ್ಟಲೆ ಕಾದು ಸಿಕ್ಕ ಮೊದಲ ಕೆಲಸ — ನಿನಗೂ ಅದೇ ಮೊದಲನೆಯದಲ್ಲವೇ? ಪಾರ್ಕಿಂಗಿನಲ್ಲಿ "ಇರ್ಲಿ ಬಿಡಿ ಅಕ್ಕಾ" ಎಂದು ಕಾರು ಹತ್ತಿದೆ. ಮುಂದಿನ ವಾರ ನಾನು ಕನ್ನಡಕ ಕೊಂಡೆ.

ನಾಲ್ಕು ವರ್ಷದ ಮೇಲೆ, ಮೊನ್ನೆ, ಇಲ್ಲಿಂದ ನಾಲ್ಕು ಗಂಟೆ ದಾರಿಯ ಪ್ರಾಸ್ಪರ್‌ನಲ್ಲಿ ನಿನ್ನ ಹೊಸ ಮನೆಯ ಗೃಹಪ್ರವೇಶ. ಮಗಳಿಗೆ ನನ್ನನ್ನು ತೋರಿಸಿ, "ಅಮ್ಮಂಗೆ ಕೆಲಸ ಕಲಿಸಿದ ಆಂಟಿ" ಎಂದೆ. "ಓ, ಮಾತ್ ಆಂಟಿ!" ಎಂದಿತು ಮಗು, ಪತಂಗದ ಆಂಟಿ ಅಂತ. ನಿನ್ನ ಮುಖದಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ —

ಮನೆಗೆ ಬಂದು ಮೇಲ್ವಿಚಾರಕಿಗೆ ಎಲ್ಲವನ್ನೂ ಬರೆದೆ. ಅವರೀಗ ನಿವೃತ್ತರು. ನಿನ್ನೆ ಉತ್ತರ ಬಂತು. ಹಾಳಾದ ಪ್ರಯೋಗ ಅವರಿಗೆ ಚೆನ್ನಾಗಿ ನೆನಪಿದೆ. ನಿನ್ನ ಹೆಸರು ನೆನಪಿಲ್ಲವಂತೆ.

ಭಾನುವಾರ ಪ್ರಾಸ್ಪರ್‌ಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮಗಳ ಎದುರಿಗೇ ಇನ್ನೊಮ್ಮೆ ಹೇಳುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.